ಹಡಗಿನ ಚೆಲುವು, ಖಲಾಸಿಯ ಕೋಣೆ

ಸರಕು ಹೊರುವ ಹಡಗಿನಲ್ಲಿ ಅಂದವೇನು ಬಂತು ಎಂದು ನೀವು ಕೇಳಬಹುದು. 1950ರ ದಶಕದ ಬ್ರಿಟಿಷ್ ಸರಕು ಹಡಗುಗಳ ಚಿತ್ರಗಳನ್ನು ಒಮ್ಮೆ ನೋಡಿ. ನಡುವೆ ಬಿಳಿಯ ಮನೆಯಂಥ ಕಟ್ಟಡ, ಅದರ ನೆತ್ತಿಯಲ್ಲಿ ಹೊಗೆಕೊಳವೆ. ಹಿಂದೆ ಮುಂದೆ ಸರಕಿನ ಕಣಜಗಳು, ಕಂಬಗಳು, ಭಾರ ಎತ್ತುವ ಉದ್ದನೆಯ ತೋಳುಗಳು. ಎಲ್ಲವನ್ನೂ ತೂಗಿ ನೋಡಿ ಇಟ್ಟಂತಿದೆ.

ನನಗೆ ಬಹಳ ಹಿಡಿಸಿದ್ದು ಹಡಗಿನ ಮೈಯ ಬಾಗು. ಅದರ ಮೇಲಂಚು ನಡುವಿನಲ್ಲಿ ತಗ್ಗಿ, ಎರಡು ತುದಿಗಳಲ್ಲೂ ಮೆಲ್ಲಗೆ ಮೇಲೇಳುತ್ತದೆ. ಅಲೆಯ ನೀರು ಸುಲಭವಾಗಿ ಒಳನುಗ್ಗದಿರಲಿ ಎಂದು ಮಾಡಿದ್ದು ಅದು. ಕಾಳು ಚೆಲ್ಲದಿರಲೆಂದು ಮೊರಕ್ಕೆ ಅಂಚು ಎತ್ತಿ ಕಟ್ಟುತ್ತಾರಲ್ಲ, ಹಾಗೆಯೇ. ಕೆಲಸದಿಂದ ಹುಟ್ಟಿದ ಚೆಲುವಿದು.

ಹೊಗೆಕೊಳವೆಯ ಮಾತು ಬೇರೆ. ಕಲ್ಲಿದ್ದಲಿನ ಕಾಲದಲ್ಲಿ ಉರಿಗೆ ಗಾಳಿ ಸೆಳೆಯಲು ಅದು ಎತ್ತರವಾಗಿರಬೇಕಿತ್ತು. ಡೀಸೆಲ್ ಎಂಜಿನ್ನಿಗೆ ಅಷ್ಟು ದೊಡ್ಡ ಕೊಳವೆ ಬೇಕಿರಲಿಲ್ಲ. ಆದರೂ ಕಂಪನಿಗಳು ಬಿಡಲಿಲ್ಲ. ಬ್ಲೂ ಫನಲ್ ಕಂಪನಿಗೆ ನೀಲಿ ಕೊಳವೆ, ಕ್ಲಾನ್ ಲೈನಿಗೆ ಕಪ್ಪಿನ ಮೇಲೆ ಎರಡು ಕೆಂಪು ಪಟ್ಟಿ. ಇದನ್ನು ಬರೀ ಸೋಗು ಎಂದು ನಾನು ತಳ್ಳಿಹಾಕಲಾರೆ. ಹಣೆಯ ಕುಂಕುಮದ ಹಾಗೆ, ಅದು ದೂರದಿಂದಲೇ ಗುರುತು ಹೇಳುತ್ತಿತ್ತು.

ಆದರೆ ಚೆಲುವಿನ ಲೆಕ್ಕ ಹೊರಗೇ ಮುಗಿಯಬಾರದು. ಕ್ಲಾನ್ ಲೈನ್, ಬ್ರಿಟಿಷ್ ಇಂಡಿಯಾ ಮುಂತಾದ ಕಂಪನಿಗಳ ಹಡಗುಗಳಲ್ಲಿ ದುಡಿದವರಲ್ಲಿ ನಮ್ಮ ಉಪಖಂಡದ ಖಲಾಸಿಗಳೇ ಬಹಳ. 1906ರ ಕಾನೂನು ಬ್ರಿಟಿಷ್ ನಾವಿಕನಿಗೆ ಮಲಗಲು ಕನಿಷ್ಠ 120 ಘನ ಅಡಿ ಜಾಗ ಕೊಟ್ಟಿತು. ಖಲಾಸಿಗೆ ಹಳೆಯ 72 ಘನ ಅಡಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ನಂತರ ವಸತಿ ಸುಧಾರಿಸಿತು, ನಿಜ. ಆದರೆ ಅದೇ ಕಡಲಿನಲ್ಲಿ, ಅದೇ ಹಡಗಿನಲ್ಲಿ ದುಡಿದರೂ ಅವನ ಸಂಬಳ ಬಿಳಿಯನದಕ್ಕಿಂತ ಎಷ್ಟೋ ಕಡಿಮೆಯಿತ್ತು.

ಪಡಸಾಲೆಗೆ ನುಣುಪಾದ ನೆಲ, ಅಡುಗೆಮನೆಗೆ ಕಿಟಕಿಯೇ ಇಲ್ಲ. ಅಂಥ ಮನೆಗಳನ್ನು ನಾವೆಲ್ಲ ಕಂಡವರೇ. ಬೀದಿಯಲ್ಲಿ ನಿಂತವರು ಮನೆಯನ್ನು ಹೊಗಳುತ್ತಾರೆ. ಒಳಗೆ ಹೊಗೆ ಕುಡಿಯುವವಳನ್ನು ಯಾರೂ ಕೇಳುವುದಿಲ್ಲ.

1960–70ರ ದಶಕಗಳಲ್ಲಿ ಕಂಟೇನರ್ ಹಡಗುಗಳು ಬಂದು ಆ ಹಳೆಯ ರೂಪವನ್ನು ಅಳಿಸಿದವು. ಪೆಟ್ಟಿಗೆ ಪೇರಿಸಿದ ಇಂದಿನ ಹಡಗಿನಲ್ಲಿ ಆ ಬಾಗು ಕಾಣದೆ ನನಗೂ ಬೇಸರವಾಗುತ್ತದೆ. ಆದರೂ ಹಳೆಯ ಚಿತ್ರಗಳನ್ನು ಕಂಡಾಗ ಕಣ್ಣನ್ನು ಹೊಗೆಕೊಳವೆಯಲ್ಲೇ ನಿಲ್ಲಿಸಬೇಡಿ. ಕೆಳಗಿನ ಸಾಲಿನ ಪುಟ್ಟ ದುಂಡು ಕಿಟಕಿಗಳನ್ನೂ ನೋಡಿ, ಅವುಗಳ ಹಿಂದೆ ಯಾರು ಮಲಗುತ್ತಿದ್ದರು ಎಂದು ಕೇಳಿಕೊಳ್ಳಿ.