‘ಸ್ಟೆಲರ್’ ವಿಶೇಷಣದ ಎರಡು ಅರ್ಥಗಳು ಮತ್ತು ಕನ್ನಡದ ‘ತಾರಾ’

ಇಂಗ್ಲಿಷಿನ ‘ಸ್ಟೆಲರ್’ ಪದಕ್ಕೆ ‘ನಕ್ಷತ್ರಕ್ಕೆ ಸಂಬಂಧಿಸಿದ, ಅತ್ಯುತ್ತಮ’ ಎಂದು ಅರ್ಥ ಕೊಟ್ಟು ಮುಗಿಸುವ ನಿಘಂಟು ತಪ್ಪು ಹೇಳುವುದಿಲ್ಲ. ಆದರೆ ನಡುವಿನ ಅಲ್ಪವಿರಾಮವು ಒಂದು ವ್ಯಾಕರಣಭೇದವನ್ನು ಮರೆಮಾಡುತ್ತದೆ.

ಮೊದಲನೆಯದು ಸಂಬಂಧವಾಚಕ. ‘ಸ್ಟೆಲರ್ ಮಾಸ್’ ಎಂಬಲ್ಲಿ ವಿಶೇಷಣವು ನಾಮಪದದ ಹಿಂದೆಯೇ ನಿಲ್ಲಬೇಕು. ಈ ಅರ್ಥದಲ್ಲಿ ಅದು ಆಖ್ಯಾತ ಸ್ಥಾನಕ್ಕೆ ಸಹಜವಾಗಿ ಬಾರದು, ‘ವೆರಿ’ಯನ್ನೂ ಸೇರಿಸಿಕೊಳ್ಳದು. ಎರಡನೆಯದು ಗುಣವಾಚಕ: ಅಭಿನಯ ‘ಸ್ಟೆಲರ್’ ಆಗಿತ್ತು ಎನ್ನಬಹುದು, ‘ಆ್ಯಬ್ಸಲ್ಯೂಟ್ಲಿ’ ಎಂದು ಒತ್ತನ್ನೂ ಕೊಡಬಹುದು. ಈ ಅರ್ಥದ ಮೂಲ ಆಕಾಶದಲ್ಲಿಲ್ಲ, ರಂಗಭೂಮಿಯಲ್ಲಿದೆ. ಪ್ರಮುಖ ನಟರಿಗೆ ಸಂದ ‘ಸ್ಟಾರ್’ ಎಂಬ ಜರ್ಮ್ಯಾನಿಕ್ ನಾಮಪದದ ರೂಪಕವನ್ನು, ಅದಕ್ಕೆ ಜೋಡಿಯಾಗಿ ಬಳಕೆಯಲ್ಲಿದ್ದ ಲ್ಯಾಟಿನ್ ಮೂಲದ ವಿಶೇಷಣವು ಹೊತ್ತುಕೊಂಡಿತು.

ಕನ್ನಡದ ‘ತಾರಾ’ ಇದೇ ಹಾದಿ ಹಿಡಿದಂತೆ ತೋರುತ್ತದೆ: ತಾರಾಬಳಗ, ತಾರಾಮೌಲ್ಯ, ತಾರಾ ಪ್ರಚಾರಕ. ಆದರೆ ‘ಭಾರೀ ತಾರಾಬಳಗವಿದ್ದರೂ ಚಿತ್ರ ನೀರಸ’ ಎಂಬ ವಾಕ್ಯದಲ್ಲಿ ವಿರೋಧಾಭಾಸವಿಲ್ಲ. ‘ಸ್ಟೆಲರ್’ ಎಂದ ಅಭಿನಯವನ್ನೇ ಕಳಪೆ ಎಂದರೆ ವಿರೋಧಾಭಾಸವಾಗುತ್ತದೆ. ‘ತಾರಾ’ ಸೂಚಿಸುವುದು ಪ್ರಸಿದ್ಧಿಯನ್ನು, ಗುಣವನ್ನಲ್ಲ. ಅದು ಸಮಾಸದ ಪೂರ್ವಪದವಾಗಿಯೇ ಉಳಿದಿದೆ. ‘ಅಭಿನಯ ತಾರಾ ಆಗಿತ್ತು’ ಎಂಬುದು ಕನ್ನಡವಲ್ಲ. ಆದ್ದರಿಂದ ‘ತಾರಾ ಪ್ರದರ್ಶನ’ ಎಂಬ ಅನುವಾದವು ಮೆಚ್ಚುಗೆಯನ್ನು ಬಿಟ್ಟು ‘ತಾರೆಯರ ಪ್ರದರ್ಶನ’ ಎಂಬ ಬೇರೊಂದೇ ಅರ್ಥವನ್ನು ಕೊಡುತ್ತದೆ. ಇಲ್ಲಿ ‘ಅಮೋಘ’ ಅಥವಾ ‘ಉತ್ಕೃಷ್ಟ’ ಸಲ್ಲುತ್ತದೆ.

ಸಂಬಂಧವಾಚಕಕ್ಕೂ ಎಚ್ಚರ ಬೇಕು. ‘ನಾಕ್ಷತ್ರ ದಿನ’ವೆಂದರೆ ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆದ, ಸುಮಾರು 23 ಗಂಟೆ 56 ನಿಮಿಷಗಳ ಕಾಲಮಾನ, ಅದು ‘ಸಿಡೀರಿಯಲ್’ ಪದದ ಕ್ಷೇತ್ರ. ‘ಸ್ಟೆಲರ್ ಮಾಸ್’ಗೆ ‘ನಕ್ಷತ್ರದ ದ್ರವ್ಯರಾಶಿ’ ಎಂಬ ಷಷ್ಠೀ ರೂಪವೇ ಸಾಕು. ಇಂಗ್ಲಿಷಿನ ವಿಶೇಷಣಕ್ಕೆ ಕನ್ನಡದಲ್ಲಿ ವಿಶೇಷಣವೇ ಬೇಕೆಂಬ ನಿಯಮವಿಲ್ಲ.

ಅನುವಾದಕ ಹೆಚ್ಚು ಎಡವುವುದು ‘ಲೆಸ್ ದ್ಯಾನ್ ಸ್ಟೆಲರ್’ ಎಂಬ ನುಡಿಗಟ್ಟಿನಲ್ಲಿ. ಬಿಡಿಸಿ ಓದಿದರೆ ‘ಅತ್ಯುತ್ತಮಕ್ಕಿಂತ ಕಡಿಮೆ’. ಹಾಗಿದ್ದರೆ ‘ಉತ್ತಮ’ ಎಂದಾಗಬೇಕಿತ್ತು. ಬಳಕೆಯಲ್ಲಿ ಅದು ನಿರಾಸೆಯನ್ನು ಸೂಚಿಸುವ ನ್ಯೂನೋಕ್ತಿ. ‘ಫಲಿತಾಂಶ ಅಷ್ಟಕ್ಕಷ್ಟೇ’ ಎಂದರೆ ಅರ್ಥವೂ ಧ್ವನಿಯೂ ಒಟ್ಟಿಗೆ ದಾಟುತ್ತವೆ. ನಕ್ಷತ್ರದ ಸುಳಿವೇ ಇಲ್ಲದ ಈ ಪದ ನಿಘಂಟಿನ ‘ಸ್ಟೆಲರ್’ ನಮೂದಿನಲ್ಲಿ ಕಾಣಿಸಿಕೊಳ್ಳಬೇಕಾದರೆ, ನಮೂದಿನ ಘಟಕ ಬಿಡಿಪದವಲ್ಲ, ಸಹಪ್ರಯೋಗ ಎಂದು ನಿಘಂಟುಕಾರರು ಮೊದಲು ಒಪ್ಪಬೇಕು.