ಜೋಡಿ ಕಟ್ಟುವವರು ಯಾರು?

ಟೀವಿ ಕುಸ್ತಿ ನೋಡ್ತೇವೆ ಅಂದರೆ ನಮ್ಮ ಗೆಳೆಯರಲ್ಲೇ ಕೆಲವರು ಮುಖ ಸಿಂಡರಿಸುತ್ತಾರೆ. ಸಂಘಟನೆಯಲ್ಲಿ ದುಡಿಯುವವರು, ನಾಲ್ಕು ಪುಸ್ತಕ ಓದಿದವರು, ಹಳ್ಳಿ ಶಾಲೆಯ ಮೇಷ್ಟ್ರುಗಳು ಎಲ್ಲರದೂ ಒಂದೇ ಮಾತು. "ಅದೆಲ್ಲ ಸುಳ್ಳು ಕುಸ್ತಿ ಕಣ್ರಯ್ಯಾ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ. ನಮ್ಮ ನಾಡ ಕುಸ್ತಿ ನೋಡಿ, ಅದು ಮಣ್ಣಿನ ಸತ್ಯ." ಈ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧದ ಬಗ್ಗೆ ನಾವು ಜಗಳ ತೆಗೆಯಲೇಬೇಕಾಗಿದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ, ನಾವು ಈ ಕುಸ್ತಿಯ ಅಭಿಮಾನಿಗಳು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತೊಂಬತ್ತರ ದಶಕದ ಕೊನೆಗೆ ಕೇಬಲ್ಲು ಬಂದಿದ್ದ ಪೇಟೆ ಮನೆಗಳ ಕಿಟಕಿಯಲ್ಲಿ ನಿಂತು ನೋಡಿದವರು. ಆಗ ಅದರ ಹೆಸರು ಡಬ್ಲ್ಯು.ಡಬ್ಲ್ಯು.ಎಫ್. 2002ರಲ್ಲಿ ವನ್ಯಜೀವಿ ನಿಧಿಯವರ ಎದುರು ಕೋರ್ಟಿನಲ್ಲಿ ಸೋತು ಡಬ್ಲ್ಯು.ಡಬ್ಲ್ಯು.ಇ. ಆಯಿತು. ಪೆಟ್ಟಿಗೆ ಅಂಗಡಿಯಲ್ಲಿ ಪೈಲ್ವಾನರ ಪಟ ಇದ್ದ ಕಾರ್ಡುಗಳು ಸಿಗುತ್ತಿದ್ದವು. ಎತ್ತರ ಎಷ್ಟು, ತೂಕ ಎಷ್ಟು, ಎದೆ ಎಷ್ಟು, ತೋಳು ಎಷ್ಟು ಎಂದೆಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಹುಟ್ಟಿದ ತಾರೀಕು ಗೊತ್ತಿಲ್ಲದೆ, ಮೇಷ್ಟ್ರು ಬರೆದುಕೊಂಡ ಜೂನ್ 1ನ್ನೇ ತಮ್ಮ ಹುಟ್ಟಿದ ದಿನ ಎಂದು ನಂಬಿದ ನಮ್ಮ ಕೇರಿ ಹುಡುಗರಿಗೆ ಅಂಡರ್‌ಟೇಕರನ ಎತ್ತರ ಬಾಯಿಪಾಠವಾಗಿತ್ತು. ನಗುವವರು ನಗಲಿ. ಆ ಹುಡುಗರು ಯಾಕೆ ನೋಡಿದರು ಅಂತ ಕೇಳದ ವಿಮರ್ಶೆ ವಿಮರ್ಶೆಯೇ ಅಲ್ಲ.

'ಸುಳ್ಳು' ಎಂಬ ಮಾತನ್ನೇ ಮೊದಲು ಹಿಡಿಯೋಣ. ಈ ಗುಟ್ಟನ್ನು ನಮ್ಮ ಮೇಷ್ಟ್ರುಗಳು ಕಂಡುಹಿಡಿಯಬೇಕಾಗಿರಲಿಲ್ಲ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಕಂಪನಿಯೇ ಹೇಳಿಕೊಂಡಿತು, ಇದು ಕ್ರೀಡೆಯಲ್ಲ, ಮನರಂಜನೆ ಅಂತ. ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ. ಕ್ರೀಡೆ ಎಂದರೆ ಸರ್ಕಾರಿ ಆಯೋಗದ ಉಸ್ತುವಾರಿ ಇರುತ್ತದೆ, ಡಾಕ್ಟರ ತಪಾಸಣೆ ಇರುತ್ತದೆ, ಟೀವಿ ಹಣಕ್ಕೆ ತೆರಿಗೆ ಬೀಳುತ್ತದೆ. ಮನರಂಜನೆ ಎಂದುಬಿಟ್ಟರೆ ಅದೆಲ್ಲ ತಪ್ಪುತ್ತದೆ. ಧಣಿಗಳು ನಿಜ ಹೇಳಿದಾಗಲೂ ಅದರಿಂದ ಯಾರ ಜೇಬಿಗೆ ಲಾಭ ಅಂತ ನೋಡಬೇಕು.

ಇನ್ನೊಂದು ಮಾತು. ನಮ್ಮ ಕಡೆ ಯಕ್ಷಗಾನದಲ್ಲಿ ಬೆಳಗಿನ ಜಾವಕ್ಕೆ ಕೌರವನ ತೊಡೆ ಮುರಿಯುತ್ತದೆ. ಅವನು ಬೀಳುತ್ತಾನೆ ಅಂತ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತು. ಆಗ ಯಾವ ಮೇಷ್ಟ್ರೂ ಎದ್ದು ನಿಂತು "ಸುಳ್ಳು, ಸುಳ್ಳು" ಅನ್ನುವುದಿಲ್ಲ. ಹೇಗೆ ಬಿದ್ದ, ಬೀಳುವಾಗ ಏನು ಮಾತಾಡಿದ ಅಂತ ವಾರಗಟ್ಟಲೆ ಚರ್ಚೆ ಮಾಡ್ತಾರೆ. ಫ್ರಾನ್ಸಿನ ರೋಲಾ ಬಾರ್ತ್ ಎಂಬ ವಿಮರ್ಶಕ 1957ರಲ್ಲಿ ಪುಸ್ತಕವಾಗಿ ಬಂದ ತನ್ನ ಲೇಖನಗಳಲ್ಲಿ ಪ್ಯಾರಿಸ್ಸಿನ ಇಂಥದೇ ಕುಸ್ತಿಯ ಬಗ್ಗೆ ಬರೆದಿದ್ದಾನೆ. ಜನ ಅಲ್ಲಿ ಸೋಲು ಗೆಲುವಿನ ಲೆಕ್ಕ ನೋಡಲು ಬರೋದಿಲ್ಲ, ನ್ಯಾಯ ಅನ್ನೋದು ಕಣ್ಣೆದುರು ನಡೆಯೋದನ್ನ ನೋಡಲು ಬರ್ತಾರೆ ಅನ್ನೋದು ಅವನ ವಾದ. ಇದು ನಮಗೂ ಸರಿ ಕಾಣುತ್ತದೆ. ಹಾಗಾದರೆ ನಾವು ಕೇಳಬೇಕಾದ್ದು ಬೇರೆಯೇ ಇದೆ. ಅಲ್ಲಿ ನಡೆಯೋದು ಯಾರ ನ್ಯಾಯ?

ಒಂದು ಪಂದ್ಯ ತೆಗೆದುಕೊಳ್ಳೋಣ. 2003ರ ಮಾರ್ಚ್ 30, ಸಿಯಾಟಲ್ ನಗರ, ಹತ್ತೊಂಬತ್ತನೇ ರೆಸಲ್‌ಮೇನಿಯಾ. ಪಟ್ಟ ಇದ್ದದ್ದು ಟ್ರಿಪಲ್ ಎಚ್ ಎಂಬ ಬಿಳಿಯನ ಸೊಂಟದಲ್ಲಿ. ಎದುರಿಗೆ ನಿಂತವನು ಬೂಕರ್ ಟಿ, ಕರಿಯ. ಹರೆಯದಲ್ಲಿ ದರೋಡೆ ಕೇಸಿನಲ್ಲಿ ಜೈಲು ಕಂಡು ಬಂದು, ದುಡಿದು, ಬೇರೆ ಕಂಪನಿಯ ಪಟ್ಟವನ್ನು ಐದು ಸಲ ಗೆದ್ದವನು. ಪಂದ್ಯಕ್ಕೆ ಮೊದಲಿನ ವಾರಗಳಲ್ಲಿ ಟ್ರಿಪಲ್ ಎಚ್ ಅವನ ಕೂದಲನ್ನು ಆಡಿಕೊಂಡ, ಜೈಲನ್ನು ಆಡಿಕೊಂಡ. ನಿನ್ನಂಥವರು ಈ ಪಟ್ಟಕ್ಕೆ ತಕ್ಕವರಲ್ಲ ಎಂಬರ್ಥದ ಮಾತನ್ನು ಮೈಕು ಹಿಡಿದೇ ಹೇಳಿದ. ನಮಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಆ ಮಾತು ಅರ್ಥವಾಗಲು ಇಂಗ್ಲಿಷು ಬೇಕಾಗಿರಲಿಲ್ಲ. ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡು ಬೆಳೆದವರು ನಾವು.

ಬಯಲಾಟದ ನ್ಯಾಯದಲ್ಲಿ ಮುಂದೇನಾಗಬೇಕು? ಅಷ್ಟೆಲ್ಲ ಅಂದವನು ಮಣ್ಣು ಮುಕ್ಕಬೇಕು. ಆಗಲಿಲ್ಲ. ಬೂಕರ್ ಟಿ ಸೋತ. ಅದೂ ಹೇಗೆ? ಟ್ರಿಪಲ್ ಎಚ್ ತನ್ನ ಪಟ್ಟು ಹಾಕಿ ಕೆಡವಿದ ಮೇಲೆ ತಾನೂ ಸುಸ್ತಾಗಿ ಬಿದ್ದುಕೊಂಡ, ಎಷ್ಟೋ ಹೊತ್ತಾದ ಮೇಲೆ ತೆವಳಿ ಬಂದು ಒಂದು ಕೈ ಮೇಲಿಟ್ಟ. ಅಷ್ಟು ಹೊತ್ತಾದರೂ ಬೂಕರ್ ಟಿ ಏಳಲಿಲ್ಲ. ಏಳಬಾರದು ಅಂತ ಬರೆದಿತ್ತು. ಖಳ ಆಡಿದ ಮಾತನ್ನು ಕಥೆ ಬರೆದವರೇ ನಿಜ ಮಾಡಿ ತೋರಿಸಿದರು. ಇದನ್ನು ಸುಳ್ಳು ಕುಸ್ತಿ ಅಂತ ಬಿಟ್ಟುಬಿಡೋಕೆ ನಮಗಾಗೋದಿಲ್ಲ. ಇಷ್ಟು ನಿಜವಾದ ಕುಸ್ತಿಯನ್ನು ನಾವು ಬೇರೆ ನೋಡಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಟ್ರಿಪಲ್ ಎಚ್ ಕಂಪನಿ ಯಜಮಾನ ವಿನ್ಸ್ ಮೆಕ್‌ಮಹೊನ್‌ನ ಅಳಿಯನಾದ. 2022ರಿಂದ ಯಾರು ಗೆಲ್ಲಬೇಕು, ಯಾರು ಬೀಳಬೇಕು ಅಂತ ತೀರ್ಮಾನಿಸುವ ಕುರ್ಚಿಯಲ್ಲಿ ಕೂತವನೂ ಅವನೇ.

ನಮ್ಮ ದೇಶದ ಪೈಲ್ವಾನರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹಿಮಾಚಲದಲ್ಲಿ ಕೂಲಿ ಮಾಡಿಕೊಂಡಿದ್ದು, ಆಮೇಲೆ ಪಂಜಾಬ್ ಪೊಲೀಸು ಸೇರಿದ ದಲೀಪ್ ಸಿಂಗ್ ರಾಣಾನನ್ನು 2006ರಲ್ಲಿ 'ಗ್ರೇಟ್ ಖಲಿ' ಅಂತ ಕಣಕ್ಕಿಳಿಸಿದರು. ಅವನ ಮಾತನ್ನು ಇನ್ನೊಬ್ಬ ಆಡಬೇಕು, ಅವನು ಬರೀ ಗುರುಗುಟ್ಟಬೇಕು. 2007ರಲ್ಲಿ ಪಟ್ಟ ಕೊಟ್ಟರು, ಹೌದು. ಕೆಲವೇ ವರ್ಷದಲ್ಲಿ ಅದೇ ಆಳನ್ನು ಪ್ರೇಕ್ಷಕರ ನಡುವಿನ ಹೆಂಗಸರಿಗೆ ಮುತ್ತು ಕೊಡುವ ಕೋಡಂಗಿ ಮಾಡಿದರು. 2017ರ ಮೇ ತಿಂಗಳಲ್ಲಿ ಕೆನಡಾದ ಪಂಜಾಬಿ ಹುಡುಗ ಜಿಂದರ್ ಮಹಲ್‌ಗೆ ಪಟ್ಟ ಕಟ್ಟಿದರು. ಭಾರತದ ಮಾರುಕಟ್ಟೆಗೆ ಎಸೆದ ಗಾಳ ಅಂತ ಆಗಲೇ ಜನ ಆಡಿಕೊಂಡರು. ನವೆಂಬರಿನಲ್ಲಿ ಪಟ್ಟ ಕಿತ್ತುಕೊಂಡರು. ಡಿಸೆಂಬರ್ 9ರಂದು ದೆಹಲಿಗೆ ಬಂದು, ಭಾರತದ ಜನರ ಕಣ್ಣೆದುರೇ ಅವನನ್ನು ಸೋಲಿಸಿದರು. ಸೋಲಿಸಿದವನು ಅದೇ ಟ್ರಿಪಲ್ ಎಚ್.

2019ರ ಏಪ್ರಿಲ್‌ನಲ್ಲಿ ಘಾನಾದಲ್ಲಿ ಹುಟ್ಟಿದ ಕೋಫಿ ಕಿಂಗ್‌ಸ್ಟನ್ ಆ ದೊಡ್ಡ ಪಟ್ಟ ಗೆದ್ದ. ಆಫ್ರಿಕಾದಲ್ಲಿ ಹುಟ್ಟಿದವರಲ್ಲಿ ಅವನೇ ಮೊದಲಿಗ. ಆವತ್ತು ನಮ್ಮಲ್ಲಿ ಕೆಲವರ ಕಣ್ಣಲ್ಲಿ ನೀರು ಬಂದದ್ದು ನಿಜ, ಅದನ್ನು ಮುಚ್ಚಿಡೋದಿಲ್ಲ. ಅಕ್ಟೋಬರ್ 4ಕ್ಕೆ, ಹೊಸ ಟೀವಿ ಚಾನೆಲ್ಲಿನ ಮೊದಲ ರಾತ್ರಿಯೇ, ಬ್ರಾಕ್ ಲೆಸ್ನರ್ ಅವನನ್ನು ಹತ್ತು ಸೆಕೆಂಡು ಮುಗಿಯುವುದರೊಳಗೆ ಕೆಡವಿದ. ಹನ್ನೊಂದು ವರ್ಷ ದುಡಿದು ಗಳಿಸಿದ್ದು ಹತ್ತು ಸೆಕೆಂಡಿನಲ್ಲಿ ಹೋಯಿತು.

*

ಇಷ್ಟು ಕೇಳಿದ ಮೇಲೆ ನಾಡ ಕುಸ್ತಿಯ ಗೆಳೆಯರು "ನೋಡಿದಿರಾ, ನಾವು ಹೇಳಲಿಲ್ವಾ" ಅನ್ನಬಹುದು. ಸ್ವಲ್ಪ ನಿಲ್ಲಿ.

ನಾಡ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ತಾಗಿತು, ಚಿತ್ ಆದರೆ ಆಯಿತು. ಅಲ್ಲಿ ಬರೆದಿಟ್ಟಿದ್ದೇನೂ ಇಲ್ಲ, ಒಪ್ಪೋಣ. ಗರಡಿ ಮನೆಗಳಲ್ಲಿ ಹನುಮಂತನ ಪಟದ ಕೆಳಗೇ ಮುಸ್ಲಿಂ ಉಸ್ತಾದರು ಹಿಂದೂ ಹುಡುಗರಿಗೆ ಪಟ್ಟು ಕಲಿಸಿದ್ದಾರೆ. ಆ ಋಣ ದೊಡ್ಡದು. ಆದರೆ ಅಖಾಡಕ್ಕೆ ಇಳಿಯುವ ಮುಂಚೆ ಒಂದು ಕೆಲಸ ಇದೆ, ಜೋಡಿ ಕಟ್ಟೋದು. ಮೈಸೂರು ದಸರಾ ಕುಸ್ತಿಯಿಂದ ಹಿಡಿದು ನಮ್ಮ ಮಾರಿ ಜಾತ್ರೆಯ ಕುಸ್ತಿಯವರೆಗೂ ಇದು ಇದ್ದದ್ದೇ. ಯಾರಿಗೆ ಯಾರು ಎದುರಾಳಿ ಅಂತ ದೊಡ್ಡವರು ಕೂತು ತೀರ್ಮಾನಿಸ್ತಾರೆ.

ನಮ್ಮ ಸೀಮೆಯ ಒಂದು ಊರಿನ ಜಾತ್ರೆ. ಹೆಸರು ಬೇಡ, ಹೇಳಿದರೆ ಅದೊಂದೇ ಊರು ಕೆಟ್ಟದ್ದು ಅಂತಾಗುತ್ತದೆ. ನಮ್ಮ ಕೇರಿಯ ಹುಡುಗನೊಬ್ಬ, ಅಡಿಕೆ ಮೂಟೆ ಹೊತ್ತು ಗಟ್ಟಿಯಾದವನು, ಸುಗ್ಗಿ ಮುಗಿದ ಗದ್ದೆಯಲ್ಲಿ ಗೆಳೆಯರ ಜೊತೆ ಸೆಣಸಿ ಸೆಣಸಿ ನಾಲ್ಕು ಪಟ್ಟು ಕಲಿತಿದ್ದ. ಜೋಡಿ ಕಟ್ಟುವಲ್ಲಿಗೆ ಹೋಗಿ ಹೆಸರು ಹೇಳಿದ. "ಯಾರ ಮನೆಯವನೋ ನೀನು?" ಅಂತ ಕೇಳಿದರು. ಹೇಳಿದ. ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. "ನಿನ್ನ ತೂಕಕ್ಕೆ ಜೋಡಿ ಇಲ್ವಲ್ಲೋ ತಮ್ಮಾ" ಅಂದರು. ಅವನಿಗಿಂತ ಹಗುರದವನಿಗೆ ಜೋಡಿ ಸಿಕ್ಕಿತು. ಅವನಿಗಿಂತ ಭಾರದವನಿಗೂ ಸಿಕ್ಕಿತು. ಯಾರೂ ಬೈಯಲಿಲ್ಲ. ಯಾರೂ ಜಾತಿ ಹೆಸರು ಎತ್ತಲಿಲ್ಲ. ದೌರ್ಜನ್ಯ ತಡೆ ಕಾಯ್ದೆ 1989ರಲ್ಲೇ ಬಂದಿದೆ ಅಂತ ಅವರಿಗೂ ಗೊತ್ತು. ಸಂಜೆಯವರೆಗೆ ಕುಸ್ತಿ ನಡೆಯಿತು. ಒಂದೊಂದು ಜೋಡಿಗೂ ಹುರುಪು ತುಂಬುವಂತೆ ಅಖಾಡದ ಪಕ್ಕ ನಿಂತು ಹಲಗೆ ಬಾರಿಸಿದವನು ಆ ಹುಡುಗನ ಅಪ್ಪ.

ಮಣ್ಣಿನ ಸತ್ಯ ಅಂತೀರಲ್ಲ, ಆ ದಿನ ನಡೆದ ಪ್ರತಿಯೊಂದು ಕುಸ್ತಿಯೂ ನಿಜವಾದದ್ದೇ. ಸುಳ್ಳು ಇದ್ದದ್ದು ಜೋಡಿ ಕಟ್ಟಿದ ಕೈಯಲ್ಲಿ.

ಸಾಗರ ತಾಲೂಕಿನ ಜನಕ್ಕೆ ಇದು ಹೊಸ ಪಾಠ ಅಲ್ಲ. 1951ರಲ್ಲಿ ಕಾಗೋಡಿನ ದೀವರ ಗೇಣಿದಾರರು ಎದ್ದು ನಿಂತದ್ದು ಯಾತಕ್ಕೆ? ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದ್ದು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತದ್ದು, ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದದ್ದು ಯಾತಕ್ಕೆ? ಹೋರಾಟಕ್ಕೆ ಕಿಡಿ ಹೊತ್ತಿದ್ದು ಕೊಳಗದಿಂದ. ಧಣಿಗಳು ಗೇಣಿ ಅಳೆಯುವ ಕೊಳಗ ದೊಡ್ಡದು ಅಂತ ಒಕ್ಕಲು ಮಕ್ಕಳು ಬಾಯಿಬಿಟ್ಟು ಹೇಳಿದರು. ಭತ್ತ ನಿಜ, ಬೆವರು ನಿಜ, ಅಳತೆ ಸುಳ್ಳು. ಕಾಗೋಡಿನವರು ಅಳತೆಯನ್ನು ಪ್ರಶ್ನೆ ಮಾಡಿದ್ದರಿಂದಲೇ ಮುಂದೆ ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಬಲ ಬಂತು.

ಅರಮನೆಯ ಕುಸ್ತಿಯೂ ಅಷ್ಟೇ. ಮೈಸೂರಿನಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಇಬ್ಬರು ಕೈಗೆ ಮುಳ್ಳಿನ ಆಯುಧ ಹಾಕಿಕೊಂಡು ಹೊಡೆದಾಡ್ತಾರೆ, ಒಬ್ಬನ ನೆತ್ತರು ಕಂಡ ಕೂಡಲೇ ನಿಲ್ಲಿಸ್ತಾರೆ. ಸೋಲು ಗೆಲುವು ಇಲ್ಲಿ ಮುಖ್ಯವಲ್ಲ, ರಾಜ ಮೆರವಣಿಗೆ ಹೊರಡುವ ಮೊದಲು ಒಂದಿಷ್ಟು ನೆತ್ತರು ನೆಲಕ್ಕೆ ಬೀಳಬೇಕು. ಅದನ್ನು ಯಾರೂ ಸುಳ್ಳು ಕುಸ್ತಿ ಅನ್ನೋದಿಲ್ಲ, ಪರಂಪರೆ ಅಂತಾರೆ.

*

ಇನ್ನು ಬೀಳುವವರ ಮಾತು. ಟೀವಿ ಕುಸ್ತಿಯಲ್ಲಿ ನಾವು ಮೆಚ್ಚುವುದು ಗೆಲ್ಲುವವನನ್ನಲ್ಲ, ಬೀಳುವವನನ್ನು. ಎದುರಾಳಿಯ ಕತ್ತು ಮುರಿಯದ ಹಾಗೆ, ತನ್ನ ಬೆನ್ನು ಮುರಿಯದ ಹಾಗೆ, ನೋಡುವವರಿಗೆ ಮಾತ್ರ ಎರಡೂ ಮುರಿದ ಹಾಗೆ ಬೀಳುವುದು ದೊಡ್ಡ ವಿದ್ಯೆ. ಕಥೆ ಬರೆದಿಟ್ಟದ್ದೇ ಇರಬಹುದು, ಹಲಗೆ ಹಾಸಿದ ರಿಂಗಿಗೆ ಬೆನ್ನು ಬಡಿಯುವುದು ಮಾತ್ರ ನಿಜ. ಇಂಥ ಕೆಲಸಗಾರರನ್ನು ಕಂಪನಿ ನೌಕರರು ಅಂತ ಲೆಕ್ಕ ಹಿಡಿಯೋದಿಲ್ಲ, ಸ್ವತಂತ್ರ ಗುತ್ತಿಗೆದಾರರು ಅನ್ನುತ್ತದೆ. ರಿಂಗಿನಲ್ಲಿ ಪೆಟ್ಟಾದರೆ ಚಿಕಿತ್ಸೆ ಕೊಡಿಸ್ತಾರೆ. ಆದರೆ ಕಾರ್ಮಿಕ ಸಂಘ ಅಂತ ಒಂದಿಲ್ಲ. 1986ರಲ್ಲಿ ಜೆಸ್ಸಿ ವೆಂಚುರಾ ಸಂಘ ಕಟ್ಟೋಣ ಎಂದು ಜೊತೆಯವರ ಮುಂದೆ ಮಾತೆತ್ತಿದ. ಸುದ್ದಿ ಯಜಮಾನನಿಗೆ ಹೋಯಿತು. ಚಾಡಿ ಹೇಳಿದವನು ಹಲ್ಕ್ ಹೋಗನ್ ಎಂದು ವೆಂಚುರಾ ಮುಂದೆ ಬಹಿರಂಗವಾಗೇ ಹೇಳಿದ. ಸಂಘ ಅಲ್ಲಿಗೇ ನಿಂತಿತು. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್‌ನನ್ನು ಚಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಕೊಂಡಿ ಬಿಚ್ಚಿಕೊಂಡು, ಬಿದ್ದು ಸತ್ತ. ಆಟ ನಿಲ್ಲಿಸಲಿಲ್ಲ. ಅದೇ ರಿಂಗಿನಲ್ಲಿ ಮುಂದಿನ ಕುಸ್ತಿ ನಡೆಸಿದರು.

ನಮ್ಮ ಅಡಿಕೆ ತೋಟಗಳಲ್ಲಿ ಕೊನೆ ಕೊಯ್ಯುವವನು ಮರದಿಂದ ಬಿದ್ದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಅವನೂ ಗುತ್ತಿಗೆಯವನೇ. ಕೊಯ್ಲು ನಿಲ್ಲೋದಿಲ್ಲ.

ಅಸಲಿ ಕುಸ್ತಿಯ ಒಕ್ಕೂಟದವರು ಇದಕ್ಕಿಂತ ಮೇಲು ಅಂತ ಯಾರೂ ಎದೆ ತಟ್ಟಬೇಕಾಗಿಲ್ಲ. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಒಕ್ಕೂಟದ ಅಂದಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿದರು. ಅವರು ಅಲ್ಲಗಳೆದರು. ಮೇ 28ರಂದು, ಹೊಸ ಸಂಸತ್ ಭವನ ಉದ್ಘಾಟನೆಯ ದಿನವೇ, ಪೊಲೀಸರು ಈ ಹೆಣ್ಣುಮಕ್ಕಳನ್ನು ರಸ್ತೆಯಲ್ಲಿ ಎಳೆದಾಡಿದರು. ಡಿಸೆಂಬರಿನಲ್ಲಿ ಅದೇ ಅಧ್ಯಕ್ಷರ ಆಪ್ತರೊಬ್ಬರು ಚುನಾವಣೆ ಗೆದ್ದರು. ಸಾಕ್ಷಿ ತಮ್ಮ ಕುಸ್ತಿ ಬೂಟು ಮೇಜಿನ ಮೇಲಿಟ್ಟು ಹೊರನಡೆದರು. ಮರುತಿಂಗಳು, 2024ರ ಜನವರಿಯಲ್ಲಿ, ಅಮೆರಿಕದಲ್ಲಿ ಮೆಕ್‌ಮಹೊನ್ ಕೂಡ ಮಾಜಿ ಉದ್ಯೋಗಿ ಹೆಂಗಸೊಬ್ಬರು ಹೂಡಿದ ಇಂಥದೇ ಮೊಕದ್ದಮೆಯಿಂದಾಗಿ ಕಂಪನಿ ಬಿಡಬೇಕಾಯಿತು. ಅವನೂ ಅಲ್ಲಗಳೆದಿದ್ದಾನೆ. ಒಂದು ಕಡೆ ಅಸಲಿ, ಇನ್ನೊಂದು ಕಡೆ ನಕಲಿ. ಯಜಮಾನಿಕೆ ಮಾತ್ರ ಎರಡೂ ಕಡೆ ಒಂದೇ ಥರದ್ದು.

2024ರಲ್ಲಿ ನೆಟ್‌ಫ್ಲಿಕ್ಸ್ ಕಂಪನಿ ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲೂ ಈ ಕುಸ್ತಿ ಅಲ್ಲೇ ಬರುತ್ತದೆ. ಕಿಟಕಿಯಲ್ಲಿ ನಿಂತು ಪುಕ್ಕಟೆ ನೋಡುವ ಕಾಲ ಮುಗಿಯಿತು. ಆದರೂ ಹುಡುಗರು ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡ್ತಾನೇ ಇದ್ದಾರೆ.

ಜೋಡಿ ಸಿಗದ ನಮ್ಮ ಹುಡುಗನೂ ನೋಡುತ್ತಾನೆ. ಬೂಕರ್ ಟಿ ಸೋತ ಪಂದ್ಯದ ಬಗ್ಗೆ ನಾವು ಸಿಟ್ಟಿನಿಂದ ಮಾತಾಡುತ್ತಿದ್ದಾಗ ಅವನು ಬೀಡಿ ಆರಿಸಿ, "ಅವನಿಗೆ ಜೋಡಿನಾದ್ರೂ ಸಿಕ್ತಲ್ಲ ಮಾರಾಯ್ರ" ಅಂದ. ನಮಗೆ ಉತ್ತರ ಹೊಳೆಯಲಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ ನಮ್ಮದೊಂದು ಬೇಡಿಕೆ. ಹುಡುಗರು ಟೀವಿ ಕುಸ್ತಿಯ ಮಾತೆತ್ತಿದರೆ ಸುಳ್ಳು ಅಂತ ಬಾಯಿ ಮುಚ್ಚಿಸಬೇಡಿ. ಇವತ್ತು ಯಾರು ಬಿದ್ದ, ಅವನೇ ಯಾಕೆ ಬಿದ್ದ, ಹಾಗೆ ಬರೆದವನು ಯಾರು ಅಂತ ಕೇಳಿ. ಸಂಘಟನೆಯ ಗೆಳೆಯರಲ್ಲಿ ಇನ್ನೊಂದು ಬೇಡಿಕೆ. ಮುಂದಿನ ಜಾತ್ರೆಯಲ್ಲಿ ಕುಸ್ತಿ ನೋಡೋಕೆ ಸಂಜೆ ಬರಬೇಡಿ. ಬೆಳಿಗ್ಗೆಯೇ ಬನ್ನಿ, ಜೋಡಿ ಕಟ್ಟುವ ಹೊತ್ತಿಗೆ. ಆ ಹುಡುಗನನ್ನೂ ಅವನ ಅಪ್ಪನನ್ನೂ ಕರೆದುಕೊಂಡು ನಾವೂ ಬರುತ್ತೇವೆ. ಆವತ್ತು ಹಲಗೆ ಬಾರಿಸೋದು ಅವನಿಗೆ ಜೋಡಿ ಸಿಕ್ಕ ಮೇಲೆ.