ಮುಂದುವರಿಯಲೇ?

ಬಿ.ಇಡಿ. ತರಬೇತಿಯಲ್ಲಿ ನಮಗೆ ಸೂಕ್ಷ್ಮ ಬೋಧನೆಯೆಂಬ ಅಭ್ಯಾಸವಿತ್ತು. ಅದರಲ್ಲಿ ಪ್ರಶ್ನೆ ಕೇಳುವುದೇ ಒಂದು ಪ್ರತ್ಯೇಕ ಕೌಶಲ. 'ಹೌದು', 'ಇಲ್ಲ' ಎಂಬಷ್ಟೇ ಉತ್ತರ ಬರುವ ಪ್ರಶ್ನೆಯನ್ನು ಆದಷ್ಟು ಕೇಳಬಾರದು, 'ಅರ್ಥವಾಯಿತೇ ಮಕ್ಕಳೇ?' ಎಂದಂತೂ ಕೇಳಲೇಬಾರದು. ಇಡೀ ತರಗತಿ ಒಂದೇ ರಾಗದಲ್ಲಿ 'ಆಯ್ತು ಮಿಸ್' ಎನ್ನುತ್ತದೆ. ಅರ್ಥವಾಗದವನ ದನಿ ಎಲ್ಲರಿಗಿಂತ ಜೋರಾಗಿರುತ್ತದೆ. (ಆದರೂ ನಾವೆಲ್ಲ ಕೇಳುತ್ತೇವೆ. ಗಂಟೆ ಹೊಡೆಯುವ ಹೊತ್ತಿಗೆ ಬೇರೇನು ತೋಚೀತು?) ಮನೆಯ ಕಂಪ್ಯೂಟರು ನಮ್ಮನ್ನು ಕೇಳುವ ಒಂದು ಪ್ರಶ್ನೆಯನ್ನು ಈ ಅಳತೆಗೋಲಿನಿಂದ ಅಳೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಕವಿತೆ ಕಾದಂಬರಿಗಳಿಗೆ ವಿಮರ್ಶಕರು ಬೇಕಾದಷ್ಟಿದ್ದಾರೆ. ಲಕ್ಷಾಂತರ ಜನ ಓದುವ, ಅಥವಾ ಓದದೆಯೇ ದಾಟುವ, ಈ ಒಂದು ವಾಕ್ಯವನ್ನು ಕೇಳುವವರಿಲ್ಲ.

ಓದುಗರಿಗೆ ಅದು ಪರಿಚಿತವೇ. ಹೊಸದೊಂದು ಪ್ರೋಗ್ರಾಂ ಹಾಕಹೊರಟರೆ ಪರದೆಯೆಲ್ಲ ಮಂಕಾಗಿ ನಡುವೆ ಒಂದು ಚೌಕ ಎದ್ದು ನಿಲ್ಲುತ್ತದೆ. ಇದು ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಕೆಳಗೆ ಎಸ್, ನೋ. ಈ ಏರ್ಪಾಡಿಗೆ ಯೂಸರ್ ಅಕೌಂಟ್ ಕಂಟ್ರೋಲ್ ಎಂದು ಹೆಸರು.

ಮೈಕ್ರೋಸಾಫ್ಟ್ ಇದನ್ನು ತಂದದ್ದು ವಿಂಡೋಸ್ ವಿಸ್ಟಾದೊಡನೆ. ಅದು ಮನೆಬಳಕೆಗೆ ಬಿಡುಗಡೆಯಾದದ್ದು ೨೦೦೭ರ ಜನವರಿ ೩೦ರಂದು. ಉದ್ದೇಶ ಒಳ್ಳೆಯದೇ. ಅದರ ಹಿಂದಿನ ಎಕ್ಸ್‌ಪಿಯಲ್ಲಿ ಮನೆಮಂದಿಯೆಲ್ಲ ಸಾಮಾನ್ಯವಾಗಿ ಯಂತ್ರದ ಯಜಮಾನರಾಗಿ, ಅಂದರೆ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಿದ್ದರು. ಅವರ ಬೆನ್ನ ಹಿಂದೆ ನುಸುಳಿದ ವೈರಸ್ಸಿಗೂ ಅದೇ ಯಜಮಾನಿಕೆ ದಕ್ಕುತ್ತಿತ್ತು. ವಿಸ್ಟಾ ಯಜಮಾನನನ್ನೂ ತಡೆದು ಕೇಳತೊಡಗಿತು. ಕೇಳಿದ್ದು ಅತಿಯಾಯಿತು. ಗಡಿಯಾರದ ಹೊತ್ತು ತಿದ್ದುವುದಕ್ಕೂ ಅಪ್ಪಣೆ! ಅದೇ ವರ್ಷ ಆ್ಯಪಲ್ ಕಂಪನಿ ಒಂದು ಜಾಹೀರಾತು ಮಾಡಿ, ಪಿಸಿಯ ಪಾತ್ರಧಾರಿಯ ಬೆನ್ನಿಗೆ ಕಪ್ಪು ಕನ್ನಡಕದ ಕಾವಲುಗಾರನೊಬ್ಬನನ್ನು ನಿಲ್ಲಿಸಿ, ಮಾತುಮಾತಿಗೂ ಬಿಡಲೋ ಬೇಡವೋ ಎಂದು ಕೇಳಿಸಿತು. ನೋಡಿದವರು ನಕ್ಕರು.

ಆದರೆ ೨೦೦೮ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರ್‌ಎಸ್‌ಎ ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನವರೇ ಆದ ಡೇವಿಡ್ ಕ್ರಾಸ್ ಹೇಳಿದ್ದು ನಗುವ ಮಾತಲ್ಲ. ಬಳಸುವವರಿಗೆ ಕಿರಿಕಿರಿಯಾಗಲೆಂದೇ ಇದನ್ನು ಇಟ್ಟೆವು ಎಂದರು. ಜನ ರೇಗಿದರೆ ಪ್ರೋಗ್ರಾಂ ಬರೆಯುವ ಕಂಪನಿಗಳು ದಾರಿಗೆ ಬಂದು, ಯಜಮಾನಿಕೆ ಕೇಳದ ಪ್ರೋಗ್ರಾಂ ಬರೆಯುತ್ತವೆ ಎಂಬುದು ಲೆಕ್ಕ. ಹಿಂದಿನ ಬೆಂಚಿನವನನ್ನು ತಿದ್ದಲು ಮುಂದಿನ ಬೆಂಚಿನವರನ್ನು ನಿಲ್ಲಿಸುವ ಮೇಷ್ಟರ ಲೆಕ್ಕ. ಅದು ಬಹುಮಟ್ಟಿಗೆ ಫಲಿಸಿತೆಂದೂ ಹೇಳಬೇಕು. ೨೦೦೯ರ ವಿಂಡೋಸ್ ೭ರಿಂದ ಪ್ರಶ್ನೆಗಳು ಕಡಿಮೆಯಾದವು. ಎಷ್ಟು ಕೇಳಬೇಕೆಂದು ನಾವೇ ಗೊತ್ತುಮಾಡಲು ನಾಲ್ಕು ಮೆಟ್ಟಿಲ ಒಂದು ಜಾರುಗುಂಡಿಯನ್ನೂ ಕೊಟ್ಟರು. ಆದರೆ ನಿಂತು ನಿಂತು ಕಾಲು ನೋಯಿಸಿಕೊಂಡ ಮುಂದಿನ ಬೆಂಚಿನವರು ಕಲಿತ ಪಾಠ ಒಂದೇ: ಪೆಟ್ಟಿಗೆ ಬಂದರೆ ಎಸ್ ಒತ್ತುವುದು.

ಯಲಹಂಕದ ನಮ್ಮ ಬೀದಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು. ಬ್ಯಾಂಕಿನವನೆಂದು ಹೇಳಿಕೊಂಡ ಒಬ್ಬ ಅವರಿಗೆ ಫೋನ್ ಮಾಡಿ, ಒಂದು ಪ್ರೋಗ್ರಾಂ ಇಳಿಸಿಕೊಳ್ಳಲು ಹೇಳಿದ. ಪೆಟ್ಟಿಗೆ ಬಂದಾಗ ಎಸ್ ಒತ್ತಿ ಎಂದ. ಒತ್ತಿದರು. ದೂರದಿಂದಲೇ ಅವರ ಪರದೆಯನ್ನು ಕಂಡು, ಅವರ ಇಲಿಯನ್ನು ಆಡಿಸಬಲ್ಲ ಪ್ರೋಗ್ರಾಂ ಅದು. ಮಗಳ ಮನೆಗೆಂದು ಕೂಡಿಟ್ಟ ಹಣ ಅರ್ಧ ಗಂಟೆಯಲ್ಲಿ ಹೋಯಿತು. "ಏನ್ ಮಾಡೋದು ಮೇಡಂ, ದಿನಾ ಕೇಳತ್ತೆ, ದಿನಾ ಒತ್ತುತೀನಿ. ಅವತ್ತೂ ಒತ್ತಿದೆ" ಎಂದರು. ಅವರನ್ನು ಪೆದ್ದರೆನ್ನುವವರೊಡನೆ ನನಗೆ ಜಗಳವಿದೆ.

ಯಾಕೆಂದರೆ ಆ ಪೆಟ್ಟಿಗೆ ಅಂದು ಸುಳ್ಳು ಹೇಳಲಿಲ್ಲ. ಅಂಥ ಪ್ರೋಗ್ರಾಂಗಳು ಕಚೇರಿಗಳಲ್ಲಿ ಯಂತ್ರ ದುರಸ್ತಿಗೆ ಬಳಸುವಂಥವೇ. ತಯಾರಕರ ಸಹಿ ಇರುವುದರಿಂದ ಪ್ರಕಾಶಕರು ದೃಢಪಟ್ಟವರು ಎಂದೇ ಪೆಟ್ಟಿಗೆ ತೋರಿಸುತ್ತದೆ. ಪ್ರೋಗ್ರಾಂ ಯಾರದೆಂದು ಅದು ಬಲ್ಲದು. ಫೋನಿನಲ್ಲಿ ಇರುವವನು ಯಾರೆಂದು ಕೇಳುವುದು ಅದಕ್ಕೆ ತೋಚುವುದಿಲ್ಲ. 'ಬದಲಾವಣೆ' ಎಂಬ ಮಾತನ್ನೇ ನೋಡಿ. ಯಾವ ಬದಲಾವಣೆ? ಎಲ್ಲಿ? ಉತ್ತರ ಹೇಳುವವನಿಗೆ ಬೇಕಾದ ಒಂದು ಸಂಗತಿಯನ್ನೂ ಕೊಡದೆ, ಉತ್ತರದ ಹೊಣೆಯನ್ನು ಮಾತ್ರ ಅವನ ತಲೆಗೆ ಕಟ್ಟುವ ವಾಕ್ಯವಿದು. ನನ್ನ ಕೈಗೆ ಕೆಂಪು ಶಾಯಿ ಕೊಟ್ಟರೆ ಹೀಗೆ ತಿದ್ದುತ್ತೇನೆ: 'ಇದು ಬೇಕೆಂದು ನೀವೇ ಹುಡುಕಿ ತಂದಿರಾ? ಫೋನಿನಲ್ಲಿ ಯಾರಾದರೂ ಹೇಳಿ ಒತ್ತಿಸುತ್ತಿದ್ದಾರೆಯೇ?' ಅದೂ ಕನ್ನಡದಲ್ಲಿ. ವಿಂಡೋಸ್‌ಗೆ ಕನ್ನಡದ ಮೇಲುಡುಗೆ ಉಂಟು. ಅದನ್ನು ಹಾಕಿಕೊಡಲೇ ಎಂದು ಕೇಳಿದ ಅಂಗಡಿಯವರನ್ನು ಮಾತ್ರ ನಾನು ಕಂಡಿಲ್ಲ.

ಹಾಗೆಂದು ಜಾರುಗುಂಡಿಯನ್ನು ತಳಕ್ಕೆ ಎಳೆದು ಪೆಟ್ಟಿಗೆಯ ಬಾಯಿ ಕಟ್ಟಿಬಿಡುವ ಹುಡುಗರ ಉಪಾಯವನ್ನು ನಾನು ಒಪ್ಪುವುದಿಲ್ಲ. ಬೀದಿ ನಾಯಿ ಕಂಡಕಂಡವರಿಗೆಲ್ಲ ಬೊಗಳುತ್ತದೆಂದು ರಾತ್ರಿ ಗೇಟು ತೆರೆದಿಟ್ಟು ಮಲಗುತ್ತೇವೆಯೇ? ನಮ್ಮ ಮನೆಯಲ್ಲಿ ಮಾಡಿರುವುದು ಸುಲಭ. ಯಂತ್ರದಲ್ಲಿ ಎರಡು ಅಕೌಂಟು. ಒಂದು ಅಡ್ಮಿನಿಸ್ಟ್ರೇಟರದು, ಅದರಲ್ಲಿ ಯಾರೂ ಕೂರುವುದಿಲ್ಲ. ಇನ್ನೊಂದು ದಿನಬಳಕೆಯ ಸ್ಟ್ಯಾಂಡರ್ಡ್ ಅಕೌಂಟು. ಇದರಲ್ಲಿ ಪೆಟ್ಟಿಗೆ ಬಂದರೆ ಬರಿಯ ಎಸ್ ಸಾಲದು, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಬೆರಳು ನಿಲ್ಲುತ್ತದೆ, ಇದೇನು, ಯಾಕೆ ಎಂದು ಒಬ್ಬರನ್ನೊಬ್ಬರು ಕೇಳುವ ಹಾಗಾಗುತ್ತದೆ. ತಿಂಗಳಿಗೆ ಒಂದೆರಡು ಸಲ ಬಂದರೆ ಹೆಚ್ಚು. ಇದರಿಂದ ಎಲ್ಲ ಕಳ್ಳರೂ ತಪ್ಪುತ್ತಾರೆ ಎನ್ನಲಾರೆ. ಅಪ್ಪಣೆಯನ್ನೇ ಕೇಳದೆ ಓಡುವ ಪ್ರೋಗ್ರಾಂಗಳೂ ಇವೆ, ಪರದೆ ತೋರಿಸಿ ಎಂದು ಪುಸಲಾಯಿಸುವವರೂ ಇದ್ದಾರೆ.

ಆ ಹಿರಿಯರ ಯಂತ್ರಕ್ಕೂ ಹೋದ ತಿಂಗಳು ಹೀಗೆಯೇ ಮಾಡಿಕೊಟ್ಟೆವು. ಹಣ ಕಳಕೊಂಡರೆ ತಡಮಾಡದೆ ಕರೆಯಬೇಕಾದ ೧೯೩೦ ಎಂಬ ಸಂಖ್ಯೆಯನ್ನು ಅವರು ಈಗ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಪಾಸ್‌ವರ್ಡ್ ಸೊಸೆಯ ಬಳಿ ಇದೆ. ಅವಳು ಹೆಬ್ಬಾಳದ ಟ್ರಾಫಿಕ್ ದಾಟಿ ಕೆಲಸದಿಂದ ಬರುವಾಗ ಏಳು ಗಂಟೆ. ಅಲ್ಲಿಯವರೆಗೆ ಫೋನಿನಲ್ಲಿ ಯಾರೇ ಅವಸರಪಡಿಸಿದರೂ, "ಸೊಸೆ ಬರಲಿ ಸ್ವಾಮಿ" ಎನ್ನುತ್ತಾರಂತೆ.